ನಾಲ್ಕು ಗಂಟೆಯ ಲೋಟ

ಜನವರಿ ೯

ತಂಗಿ,

ನಿನ್ನನ್ನ ಏನಂತ ಕರೆದು ಶುರು ಮಾಡಬೇಕು ಅಂತ ಗೊತ್ತಾಗದೆ ಎರಡು ಹಾಳೆ ಹಾಳು ಮಾಡಿದೆ. ತಮ್ಮನ ಹೆಂಡತಿ ಅಂದಮೇಲೆ ತಂಗಿ ಅಂತಲೇ ಇರಲಿ. ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಲ್ಲಿ ಗುಣಾಕಾರ ಮುಗಿದು ಭಾಗಾಕಾರ ಶುರುವಾಗೋ ವಾರ ಅಮ್ಮ ಹೋದಳು. ಇವನಿಗೆ ಆಗ ಮೂರು ವರ್ಷ. ಅವತ್ತಿಂದ ನನಗೆ ಸ್ಕೂಲಿಲ್ಲ, ಇವನೇ ಸ್ಕೂಲು. ಫೋನ್ ಮಾಡಿ ಅಂತೀಯ, ಇರೋದು ಅಂಗಡಿ ಫೋನು. ನಾನು ಹಲೋ ಅಂದರೆ ಸಾಕು, ಹೊಲಿಗೆ ಮಿಷನ್ನುಗಳೆಲ್ಲ ಒಟ್ಟಿಗೆ ನಿಂತುಬಿಡ್ತವೆ. ಕಾಗದವೇ ವಾಸಿ.

ನೀವಿಬ್ಬರೂ ಹೊರಟು ಆರು ದಿನ ಆಯ್ತು. ಬಸ್ಸಿನ ಕಿಟಕಿ ಹತ್ತಿರ ಹೇಳಿದ್ದು ಸಾಲದು ಅನಿಸಿ ಬರೀತಿದ್ದೀನಿ. ನಿನಗೆ ಗೊತ್ತಿಲ್ಲ ಅಂತಲ್ಲ, ನೀನು ಆಸ್ಪತ್ರೆ ಲ್ಯಾಬಿನವಳು, ರಕ್ತ ಓದೋಳು. ಆದರೆ ತಲೆಯಿಂದ ನಿಂಬೆಹಣ್ಣಿನಷ್ಟು ಗಡ್ಡೆ ತೆಗೆದು, ಅದರ ಜೊತೆ ಇವನ ಬಾಯಾರಿಕೆಯೂ ಹೊರಟುಹೋದ ಮೇಲೆ ಹದಿನಾಲ್ಕು ತಿಂಗಳು ನೀರು ಕುಡಿಸಿದವಳು ನಾನು. ಇವನು ತಾನಾಗಿ ಕೇಳಲ್ಲ. ಮುಂದೆ ಇಟ್ಟರೂ ನೋಡಲ್ಲ. ಹೇಳಬೇಕು. ಕೆಳತುಟಿ ಒಳಗಡೆ ಮೂಲೆಯಲ್ಲಿ ಬೆಳ್ಳಗಾದರೆ ಒಂದು ಲೋಟ ತಡ ಆಗಿದೆ ಅಂತ ಅರ್ಥ. ಸುಮ್ಮಸುಮ್ಮನೆ ಸಿಡುಕಿದರೆ ಎರಡು ಲೋಟ. ಕಾಲರ್ ಎಳ್ಕೊಳ್ಳೋಕೆ ಶುರು ಮಾಡಿದರೆ ಮಾತಾಡ್ತಾ ನಿಲ್ಲಬೇಡ. ಹೋದ ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಬಿದ್ದಾಗ ನಾಲಿಗೆ ಮುಟ್ಟಿ ನೋಡಿದ್ದೀನಿ, ಅವನು ಪುಸ್ತಕಕ್ಕೆ ಹಾಕೋ ರಟ್ಟಿನ ಹಾಗಿತ್ತು. ಆ ಸಲ ಸೇರಿಸಿದ ಆಸ್ಪತ್ರೆಯಲ್ಲೇ ತಾನೇ ನೀನು ಸೂಜಿ ಹಿಡ್ಕೊಂಡು ಬಂದಿದ್ದು.

ನಮ್ಮಂಗಡಿಯಲ್ಲಿ ನಿನ್ನನ್ನ ಸೂಜಿಯವಳು ಅಂತೀನಿ. ಬೇಜಾರು ಮಾಡ್ಕೋಬೇಡ. ಕಟಿಂಗ್ ಮಾಸ್ತರು ಹೇಳ್ತಾರೆ, "ನೀನು ಮೂವತ್ತು ವರ್ಷದಿಂದ ಕಾಜಾ ಹೊಲಿಯೋಳು, ನಿನ್ನ ಕೈಯಲ್ಲಿರೋದೇನು, ಕೊಡಲಿಯಾ?"

ಅವನ ಸ್ಟೀಲ್ ಲೋಟ ಬಟ್ಟೆ ಮಧ್ಯ ಸುತ್ತಿಟ್ಟಿದ್ದೀನಿ. ಅಂಚಿನ ಕೆಳಗೆ ಮೊಳೆಯಿಂದ ಗೀರಿದ ಗೆರೆ ಇದೆ. ಆ ಗೆರೆವರೆಗೂ ಕುಡಿಸು. ಅದರಲ್ಲೇ ಕುಡಿಸು.

ಮೈಯೆಲ್ಲ ಕಣ್ಣಾಗಿ ನೋಡ್ಕೋ ಅಂತ ಬೇಡಿಕೊಳ್ಳೋ
ಅಕ್ಕ


ಜನವರಿ ೨೦

ಅಕ್ಕ, ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಇವರು ಚೆನ್ನಾಗಿದ್ದಾರೆ. ಇಲ್ಲಿಯ ಅಚ್ಚುಕೂಟದವರು ಮನೆಗೇ ಬೈಂಡಿಂಗ್ ಕೆಲಸ ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಮೇಜು, ಅಂಟು, ದಾರ ಎಲ್ಲ ಜೋಡಿಸಿಕೊಂಡಿದ್ದಾರೆ.

ನೀವು ಹೇಳಿದ ಗುರುತುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಆದರೆ ತುಟಿ ಬೆಳ್ಳಗಾಗುವ ಹೊತ್ತಿಗೆ ರಕ್ತ ಆಗಲೇ ಕೆಟ್ಟಿರುತ್ತದೆ. ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡುತ್ತೇನೆ, ವಾರಕ್ಕೊಮ್ಮೆ ರಕ್ತ. ದಿನಕ್ಕೆ ಏಳು ಲೋಟ, ಏಳು ಹೊತ್ತು. ನಾನು ಕೆಲಸಕ್ಕೆ ಹೋಗುವಾಗ ಹೊತ್ತು ಬರೆದ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಗುತ್ತೇನೆ. ಕುಡಿದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಸ್ಟೀಲ್ ಲೋಟದ ಗೆರೆ ಅಳೆದು ನೋಡಿದೆ, ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅದಕ್ಕೆ ಅಳತೆಯ ಗಾಜಿನ ಲೋಟ ತಂದಿದ್ದೇನೆ.

ಮದುವೆಯ ಗಡಿಬಿಡಿಯಲ್ಲಿ ನೀವು ಕೇಳಿದ್ದಿರಿ, ತಲೆಯಲ್ಲಿ ಏನು ಹೋಯಿತು ಎಂದು. ರಕ್ತದಲ್ಲಿರುವುದೆಲ್ಲ ಮಿದುಳಿನೊಳಗೆ ನುಗ್ಗದ ಹಾಗೆ ಒಂದು ಗೋಡೆ ಇದೆ. ಆದರೆ ಮಿದುಳಿನ ನಡುವೆ ಒಂದೆರಡು ಕಡೆ ಆ ಗೋಡೆಗೆ ಕಿಟಕಿ ಬಿಟ್ಟ ಹಾಗಿದೆ. ಕಿಟಕಿಯಲ್ಲಿ ಕೂತ ನರಕೋಶಗಳು ರಕ್ತದ ರುಚಿ ನೋಡುತ್ತಲೇ ಇರುತ್ತವೆ. ಉಪ್ಪು ಒಂದಿಷ್ಟು ಹೆಚ್ಚಾದರೆ ಸುಕ್ಕಾಗುತ್ತವೆ, ಸುಕ್ಕಾದರೆ ಕೂಗುತ್ತವೆ. ಮೈಯಲ್ಲಿ ನೀರು ಇಳಿದರೆ ಮೂತ್ರಪಿಂಡದ ಕಡೆಯಿಂದ ರಕ್ತದಲ್ಲೇ ಒಂದು ಸುದ್ದಿ ಬರುತ್ತದೆ, ಅದನ್ನೂ ಓದಿಕೊಳ್ಳುತ್ತವೆ. ಅವುಗಳ ಒಂದು ಕೂಗು ನಮಗೆ ಬಾಯಾರಿಕೆಯಾಗಿ ಕೇಳಿಸುತ್ತದೆ. ಇನ್ನೊಂದು ಕೂಗು ಮೂತ್ರಪಿಂಡಕ್ಕೆ ಹೋಗುತ್ತದೆ, ನೀರು ಬಿಡಬೇಡ, ಹಿಡಿದಿಟ್ಟುಕೋ ಎಂದು. ಇವರಲ್ಲಿ ಎರಡೂ ಸುಮ್ಮನಾಗಿವೆ. ಎರಡನೆಯದಕ್ಕೆ ಮಾತ್ರೆ ಇದೆ. ಮೊದಲನೆಯದಕ್ಕೆ ಯಾವ ಮಾತ್ರೆಯೂ ಇಲ್ಲ.

ಒಂದು ಮಾತು ಮರೆಯಬೇಡಿ. ಆ ಮಾತ್ರೆ ನೀರನ್ನು ಹಿಡಿದೇ ಇಡುತ್ತದೆ. ಹೆಚ್ಚು ಕುಡಿದರೆ ಹೊರಗೆ ಹೋಗಲು ದಾರಿ ಇಲ್ಲ. ಕಡಿಮೆಯಾದರೆ ಎಷ್ಟು ಅಪಾಯವೋ ಹೆಚ್ಚಾದರೂ ಅಷ್ಟೇ.

ಈ ವಾರ ರಕ್ತದ ಉಪ್ಪು ನೂರ ನಲವತ್ತು. ಆಪರೇಷನ್ ಆದಮೇಲೆ ಇಷ್ಟು ಸರಿಯಾಗಿ ಬಂದದ್ದು ಇದೇ ಮೊದಲು ಎಂದು ಡಾಕ್ಟರು ಹೇಳಿದರು. ನಿಮಗೆ ಸಮಾಧಾನವಾಗಲಿ ಎಂದು ತಿಳಿಸುತ್ತಿದ್ದೇನೆ.

ನಿಮ್ಮ ತಮ್ಮನ ಹೆಂಡತಿ


ಜನವರಿ ೨೮

ಪುಟ್ಟ,

ಮೊದಲು ಒಂದು ಲೋಟ ನೀರು ಕುಡಿ. ನನ್ನ ಲೋಟದಲ್ಲಿ, ಗೆರೆವರೆಗೂ. ಆಮೇಲೆ ಓದು. ಅವಳ ಪುಸ್ತಕದಲ್ಲಿ ಬರೀಬೇಡ. ಇದು ನಮ್ಮಿಬ್ಬರದು.

ಕುಡಿದೆಯಾ? ಸರಿ.

ಅವಳು ಕಾಗದ ಬರೆದಿದ್ದಾಳೆ. ಆಪರೇಷನ್ ಆದಮೇಲೆ ಇದೇ ಮೊದಲ ಸಲ ಸರಿಹೋಯ್ತಂತೆ. ಅಂದರೆ ಹದಿನಾಲ್ಕು ತಿಂಗಳು ನಾನು ಕಡ್ಲೆಪುರಿ ತಿಂತಾ ಕೂತಿದ್ದೆನಾ? ಕಿಟಕಿಯಲ್ಲಿ ಯಾರೋ ಕೂತು ರಕ್ತದ ರುಚಿ ನೋಡ್ತಾರಂತೆ, ನೀರು ಬೇಕು ಅಂತ ಕೂಗ್ತಾರಂತೆ. ಓದಿ ನನಗೆ ಅನಿಸಿದ್ದು ಒಂದೇ. ಆ ಕೆಲಸ ಇಷ್ಟು ದಿನ ಮಾಡಿದ್ದು ನಾನು. ಕಾಜಾ ಹೊಲೀತಾ ಹೊಲೀತಾ ಹತ್ತು ಗಂಟೆ ಆಯ್ತು ಅಂದರೆ ಎದ್ದು ನಿನ್ನಂಗಡಿಗೆ ಓಡಿ ಬಂದು ಕುಡಿಸಿ ಓಡಿ ಹೋಗ್ತಿದ್ದೆ. ಈಗಲೂ ಹತ್ತಾದರೆ ಕಾಲು ತಾನಾಗಿ ಏಳ್ತವೆ. ಬಾಗಿಲತನಕ ಹೋಗಿ ವಾಪಸ್ ಬರ್ತೀನಿ. ಕಟಿಂಗ್ ಮಾಸ್ತರು ಕೇಳ್ತಾರೆ, "ಯಾರಿಗೆ ನೀರು?" ನಾನೇ ಕುಡಿದು ಕೂತ್ಕೋತೀನಿ.

ಅವಳ ಗಾಜಿನ ಲೋಟದಲ್ಲಿ ನೀರು ಕಮ್ಮಿ ಹಿಡಿಯುತ್ತೆ ಅಂತ ಅವಳೇ ಒಪ್ಪಿಕೊಂಡಿದ್ದಾಳೆ. ನನಗೆ ನಿದ್ದೆ ಬರಲ್ಲ. ಹೆಚ್ಚಾದರೆ ಅಪಾಯ ಅಂತೆ. ನೀರು ಕುಡಿದು ಕೆಟ್ಟವರನ್ನ ನಾನು ನೋಡಿಲ್ಲ, ಕುಡೀದೆ ಬಿದ್ದವನನ್ನ ನೋಡಿದ್ದೀನಿ.

ನೀನು ನನ್ನ ಮಾತು ಮೀರಲ್ಲ ಅಂತ ಗೊತ್ತು. ನೆನಪಿದೆಯಾ, ಅಂಚೆ ಕಚೇರಿ ಕ್ಯೂನಲ್ಲಿ "ಇಲ್ಲೇ ನಿಂತಿರು" ಅಂದು ನಾನು ಮರೆತು ಬೇರೆ ದಾರಿಯಲ್ಲಿ ಮನೆಗೆ ಹೋಗಿದ್ದು. ಮಧ್ಯಾಹ್ನ ಬಂದು ನೋಡಿದರೆ ಅದೇ ಕಲ್ಲಿನ ಮೇಲೆ ನಿಂತಿದ್ದೆ. ಬೆಂಚಿನ ಮೇಲೆ ಕೂತ್ಕೋ ಅಂತ ಎಲ್ಲರೂ ಹೇಳಿದರಂತೆ. ನೀನು, "ಅಕ್ಕ ನಿಂತಿರು ಅಂದಿದ್ದಾಳೆ, ಕೂತ್ಕೋ ಅಂದಿಲ್ಲ."

ವಾರ ವಾರ ಬರೀತೀನಿ.

ನಿನ್ನ ಅಕ್ಕ


ಫೆಬ್ರವರಿ ೧೬

ಅಕ್ಕ,

ನಿನ್ನ ಮೂರು ಕಾಗದವೂ ಬಂತು. ನೀನು ಹೇಳಿದ ಹಾಗೇ ಮಾಡ್ತೀನಿ. ಮೊದಲು ಕುಡೀತೀನಿ, ಆಮೇಲೆ ಓದ್ತೀನಿ. ಲೋಟ ಅಂಟಿನ ಡಬ್ಬಿಗಳ ಹಿಂದೆ ಇಟ್ಟಿದ್ದೀನಿ. ಬೇಸಿಗೆಗೆ ನೀನು ಬರೋ ವಿಷಯ ಅವಳನ್ನ ಕೇಳಿದೆ, ಮನೆ ಚಿಕ್ಕದು ಅಂದಳು.

ಇಲ್ಲಿ ಮಧ್ಯಾಹ್ನ ಬಹಳ ಉದ್ದ. ಅವಳು ಲ್ಯಾಬಿಗೆ ಹೋದಮೇಲೆ ದಾರ ಎಳೆಯೋ ಸದ್ದು ಬಿಟ್ಟರೆ ಇನ್ನೇನಿಲ್ಲ. ಬೇಸರ ಆದಾಗ ನಿನ್ನ ಹಳೇ ಕಾಗದಗಳನ್ನೂ ತೆಗೆದು ಓದ್ತೀನಿ. ನಿಮ್ಮಂಗಡಿ ಯಜಮಾನರ ಕನ್ನಡಕ ಪ್ಯಾಂಟಿನ ಅಸ್ತರಿನಲ್ಲಿ ಸಿಕ್ಕಿದ ಕಥೆ ಓದಿ ಮೂರು ಸಲ ನಕ್ಕೆ.

ಅವಳು ಒಳ್ಳೆಯವಳು ಅಕ್ಕ. ಎದುರಿಗೆ ಕೂತ್ಕೊಂಡು ನೋಡ್ತಾಳೆ, ನಾನು ನೀರು ತುಂಬೋ ಪಾತ್ರೆಯೋ ಅನ್ನೋ ಹಾಗೆ. ನಗಿಸೋಕೆ ಬರಲ್ಲ, ಅಷ್ಟೇ.

ಪುಟ್ಟ


ಫೆಬ್ರವರಿ ೨೩

ತಂಗಿ,

ಕಿಟಕಿಯ ವಿಷಯ ವಿವರವಾಗಿ ಬರೆದಿದ್ದಕ್ಕೆ ಸಂತೋಷ. ನನ್ನಂಥ ಅರ್ಧ ಓದಿದವಳಿಗೂ ಅರ್ಥ ಆಯ್ತು. ಪುಟ್ಟನ ಕಾಗದ ಬಂತು. ನಿನಗೆ ಹೇಳಿರಬೇಕಲ್ಲ? ಹೇಳಿಲ್ಲ ಅಂದರೆ ಬಿಡು, ಅಂಥದ್ದೇನಿಲ್ಲ ಅದರಲ್ಲಿ. ಮಧ್ಯಾಹ್ನ ಅವನಿಗೆ ಬೇಸರ ಆಗ್ತದಂತೆ. ನಾನಿದ್ದಾಗ ಅವನು ಬೇಸರ ಅನ್ನೋ ಮಾತೇ ಆಡಿದವನಲ್ಲ. ನಗ್ತಾ ಇರಬೇಕು ಅವನು. ನೀರು ತಾನಾಗಿ ಇಳಿಯುತ್ತೆ.

ಬೇಸಿಗೆ ರಜೆಗೆ ನಾಲ್ಕು ದಿನ ಬರಲಾ ಅಂತ ಪುಟ್ಟನ್ನ ಕೇಳಿದ್ದೆ. ಮನೆ ಚಿಕ್ಕದು ಅಂದೆಯಂತೆ. ಚಿಕ್ಕದೇ ಇರಬಹುದು. ನಾನೂ ದಪ್ಪ ಏನಿಲ್ಲ.

ಕಟಿಂಗ್ ಮಾಸ್ತರಿಗೆ ನಿನ್ನ ಅಳತೆ ಲೋಟದ ವಿಷಯ ಹೇಳಿದೆ. "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಅವಳ ಬಾವಿ ಅವಳು ಸೇದಲಿ ಬಿಡು" ಅಂದರು. ಅವತ್ತು ಅವರ ಜೊತೆ ಮಾತು ಬಿಟ್ಟೆ.

ಅಕ್ಕ


ಮಾರ್ಚ್ ೧೫

ಅಕ್ಕ, ನಮಸ್ಕಾರ.

ಮನೆ ಚಿಕ್ಕದು ಎಂದದ್ದು ನಿಜವೇ. ಅದಕ್ಕೆ ಬೇರೆ ಅರ್ಥ ಬೇಡ.

ಇದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮೂರು ವಾರದಿಂದ ಇವರ ತೂಕ ಏರುತ್ತಿದೆ. ಮೊದಲು ಅರ್ಧ ಕಿಲೋ, ಈಗ ಒಂದೂಕಾಲು. ರಕ್ತದ ಉಪ್ಪು ನೂರ ಮೂವತ್ತೆರಡಕ್ಕೆ ಇಳಿದಿದೆ. ಬೆಳಿಗ್ಗೆ ತಲೆ ಭಾರ ಅನ್ನುತ್ತಾರೆ. ಊಟ ಮೊದಲಿನಷ್ಟೇ. ಪುಸ್ತಕದಲ್ಲಿ ಏಳು ಲೋಟ, ಒಂದು ಗುಟುಕೂ ಹೆಚ್ಚಿಲ್ಲ. ತಕ್ಕಡಿಯನ್ನು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿದೆ. ನೆಲದ ಮಟ್ಟ ನೋಡಿದೆ. ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಅನಿಸಿ ಹಿಂದಿನ ಪುಟಗಳನ್ನೆಲ್ಲ ಎರಡೆರಡು ಸಲ ಕೂಡಿಸಿದೆ. ಡಾಕ್ಟರು ಒಂದು ಲೋಟ ಕಡಿಮೆ ಮಾಡಿಸಿದ್ದಾರೆ.

ಇವರನ್ನು ಕೇಳಿದರೆ ಪುಸ್ತಕವನ್ನೇ ತಂದು ಮುಂದೆ ಇಡುತ್ತಾರೆ. ನಿಮಗೆ ಏನಾದರೂ ಗೊತ್ತಿದೆಯೇ? ಚಿಕ್ಕ ವಿಷಯವಾದರೂ ಪರವಾಗಿಲ್ಲ. ಮೂವತ್ತು ವರ್ಷದಿಂದ ನೋಡಿದವರು ನೀವು. ನಾನು ನೋಡಿದ್ದು ಏಳೇ ತಿಂಗಳು.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ ೨೨

ತಂಗಿ,

ನನಗೇನು ಗೊತ್ತಿರುತ್ತೆ? ದೂರ ಇರೋಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ಮದುವೆ ಆದಮೇಲೆ ಗಂಡಸರು ದಪ್ಪ ಆಗ್ತಾರೆ, ಅದಕ್ಕೆಲ್ಲ ತಕ್ಕಡಿ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತಾರಾ. ತಲೆ ಭಾರ ಅಂದರೆ ಅಂಟಿನ ವಾಸನೆ ಇರಬಹುದು. ಕಿಟಕಿ ತೆಗೆಸು.

ಆದರೆ ಒಂದು ಲೋಟ ಕಡಿಮೆ ಮಾಡಿದ್ದು ಸರಿಯಲ್ಲ. ಅದನ್ನ ಓದಿದಾಗಿಂದ ಗಮನ ಕೆಲಸದಲ್ಲಿಲ್ಲ. ಬೆಳಿಗ್ಗೆ ಒಂದು ಷರ್ಟಿಗೆ ಆರು ಕಾಜಾ ಬದಲು ಏಳು ಹೊಲಿದುಬಿಟ್ಟೆ. ನೀನು ಅಂಕಿ ನೋಡು, ಬೇಡ ಅನ್ನಲ್ಲ. ಮುಖವನ್ನೂ ನೋಡು.

ಅಕ್ಕ


ಮಾರ್ಚ್ ೨೫

ಪುಟ್ಟ,

ಮೊದಲು ಒಂದು ಲೋಟ ನೀರು ಕುಡಿ. ನನ್ನ ಲೋಟದಲ್ಲಿ, ಗೆರೆವರೆಗೂ. ಪುಸ್ತಕದಲ್ಲಿ ಬರೀಬೇಡ.

ಇದು ನನ್ನ ಒಂಬತ್ತನೇ ಕಾಗದ. ಇದಕ್ಕೆ ತಪ್ಪಿಸಬೇಡ, ಅವರು ನಿನ್ನ ಒಂದು ಲೋಟ ಕಿತ್ಕೊಂಡಿದ್ದಾರೆ. ಸೂಜಿಯವಳು ನನ್ನನ್ನೇ ಕೇಳ್ತಾಳೆ, ನಿಮಗೇನಾದರೂ ಗೊತ್ತಾ ಅಂತ. ಅವಳ ಮಿಷನ್ನು ಹೇಳದೆ ಹೋದದ್ದನ್ನ ನಾನು ಹೇಳಬೇಕಂತೆ. ಒಂದು ಗಳಿಗೆ ಬಹಳ ಖುಷಿ ಆಯ್ತು, ಸುಳ್ಳು ಹೇಳಲ್ಲ. ಕೊನೆಗೂ ನನ್ನ ಹತ್ತಿರಾನೇ ಬಂದಳಲ್ಲ ಅಂತ. ಆಮೇಲೆ ಭಯ ಆಯ್ತು. ತಲೆ ಭಾರ ಅಂತೀಯಂತೆ. ನಿಜವಾ? ಒಣಗಿದ್ದಕ್ಕೇ ಇರಬೇಕು ಅದು. ನನಗೆ ಸರಿಯಾಗಿ ಬರಿ.

ನಿನ್ನ ಅಕ್ಕ


ಏಪ್ರಿಲ್ ೯

ಅಕ್ಕ,

ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ನಿಮ್ಮ ಅಂಗಡಿಯವರೆಲ್ಲ ಕೇಳುತ್ತಿದ್ದರು ಎಂದು ಗೊತ್ತಾಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಶುಕ್ರವಾರ ಜೊತೆಯವರೊಬ್ಬರು ಬರಲಿಲ್ಲ, ನಾನು ಎರಡು ಪಾಳಿ ಮಾಡಬೇಕಾಯಿತು. ಸಂಜೆ ಮನೆಗೆ ಬಂದಾಗ ಇವರು ಬೈಂಡಿಂಗ್ ಮೇಜಿನ ಕೆಳಗೆ ಬಿದ್ದಿದ್ದರು. ಕೈಕಾಲು ಸೆಳೆಯುತ್ತಿತ್ತು, ಬಾಯಲ್ಲಿ ನೊರೆ. ರಕ್ತದ ಉಪ್ಪು ನೂರ ಹದಿನೆಂಟು. ಆ ರಕ್ತವನ್ನು ನಾನೇ ತೆಗೆದೆ, ನಾನೇ ಮಿಷನ್ನಿಗೆ ಹಾಕಿದೆ. ಅಂಕಿ ನೋಡಿದಾಗ ಮಿಷನ್ ಕೆಟ್ಟಿದೆ ಅಂದುಕೊಂಡೆ. ಉಪ್ಪಿನ ನೀರನ್ನು ಹನಿಹನಿಯಾಗಿ ರಕ್ತಕ್ಕೆ ಬಿಟ್ಟರು. ಬೇಗ ಏರಿಸಿದರೆ ಮಿದುಳಿಗೆ ಇನ್ನೊಂದು ಪೆಟ್ಟು. ಎರಡು ದಿನ ಹನಿ ಎಣಿಸುತ್ತಾ ಕೂತಿದ್ದೆ.

ಮೇಜಿನ ಮೇಲೆ ಸ್ಟೀಲ್ ಲೋಟ ಇತ್ತು. ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕ, ನೀಲಿ ಬಟ್ಟೆಯ ಹೊದಿಕೆ, ಬೆನ್ನಿಗೆ ಬಿಳಿ ದಾರ. ಅಂಟು ಇನ್ನೂ ಒದ್ದೆಯಿತ್ತು. ಒಳಗೆ ನಿಮ್ಮ ಕಾಗದಗಳು, ಒಂಬತ್ತು. ಬೈಂಡಿಂಗ್ ಮುಗಿದ ಮೇಲೆ ಪುಟ ಸರಿಯಾಗಿದೆಯೇ ಎಂದು ಮೊದಲಿಂದ ಕೊನೆಯವರೆಗೆ ಓದಿ ನೋಡುವುದು ಇವರ ಕೆಲಸದ ರೂಢಿ. ನಿಮಗೂ ಗೊತ್ತಿರಬೇಕು. ಪ್ರತಿ ಕಾಗದದ ಮೊದಲ ಸಾಲೂ ಒಂದೇ. ಇವರು ಪ್ರತಿ ಸಲವೂ ಎದ್ದು ಹೋಗಿ ಕುಡಿದಿದ್ದಾರೆ. ಗೆರೆವರೆಗೂ.

ಎಚ್ಚರವಾದ ಮೇಲೆ ಡಾಕ್ಟರು ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. "ಸೂಜಿಯವಳು" ಅಂದರು. ಆ ಹೆಸರು ಇವರ ಬಾಯಿಗೆ ಎಲ್ಲಿಂದ ಬಂತೆಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಒಂಬತ್ತನ್ನೂ ಓದಿದ್ದೆ.

ಯಾಕೆ ಕುಡಿದಿರಿ ಎಂದರೆ "ಅಕ್ಕ ಹೇಳಿದ್ದಳು" ಅನ್ನುತ್ತಾರೆ. ಯಾಕೆ ಬರೆಯಲಿಲ್ಲ ಎಂದರೂ ಅದೇ ಉತ್ತರ. ಮಾರ್ಚಿನಲ್ಲಿ ನಾನು ನಿಮ್ಮನ್ನು ನೇರವಾಗಿ ಕೇಳಿದ್ದೆ. ಈಗ ಇನ್ನೊಮ್ಮೆ ಕೇಳುತ್ತೇನೆ, ಯಾಕೆ?

ಈಗ ಬರಬೇಡಿ.


ಏಪ್ರಿಲ್ ೨೧

ತಂಗಿ,

ಈ ಕಾಗದ ಎಂಟು ದಿನದಿಂದ ಬರೀತಿದ್ದೀನಿ. ಹರಿದದ್ದೇ ಹೆಚ್ಚು.

ಫೋನು ಇಟ್ಟು ಬಂದು ಮತ್ತೆ ಕಾಜಾ ಹೊಲಿಯೋಕೆ ಕೂತೆ. ಕಟಿಂಗ್ ಮಾಸ್ತರು ನನ್ನ ಕೈಯಿಂದ ಸೂಜಿ ತಗೊಂಡು ತಮ್ಮ ಜೇಬಿಗೆ ಚುಚ್ಚಿಕೊಂಡರು. ಬಸ್ ನಿಲ್ದಾಣಕ್ಕೆ ಎರಡು ಸಲ ಹೋದೆ. ಬರಬೇಡಿ ಅಂದಿದ್ದೀಯ ಅಂತ ವಾಪಸ್ ಬಂದೆ.

ಯಾಕೆ ಅಂತ ಕೇಳಿದೀಯ. ಭಯ ಅಂತ ಬರೆದೆ, ಹರಿದೆ. ಭಯ ಇತ್ತು, ನಿಜ, ನಾಲಿಗೆ ರಟ್ಟಾಗಿದ್ದನ್ನ ನೋಡಿದ ಕೈ ಇದು. ಆದರೆ ಭಯಕ್ಕೆ ಕುಡಿ ಅಂದರೆ ಸಾಕಿತ್ತು, ಪುಸ್ತಕದಲ್ಲಿ ಬರೀಬೇಡ ಅಂತ ಯಾಕೆ ಬರೆದೆ? ಹೊಟ್ಟೆಕಿಚ್ಚು ತಂಗಿ. ನೀನು ಕೊಟ್ಟದ್ದೆಲ್ಲ ಪುಸ್ತಕದಲ್ಲಿ ಇರುತ್ತೆ. ಪುಸ್ತಕದಲ್ಲಿ ಇಲ್ಲದ ಒಂದು ಲೋಟ ಅವನೊಳಗೆ ನನ್ನದು ಇರಬೇಕು ಅನಿಸ್ತು. ನೂರ ನಲವತ್ತು ಅಂತ ನೀನು ಬರೆದ ದಿನ ನಾನು ಸಂತೋಷ ಪಡಬೇಕಿತ್ತು. ಪಡಲಿಲ್ಲ. ಅದು ನನ್ನ ಕಾಲದಲ್ಲಿ ಯಾಕೆ ಬರಲಿಲ್ಲ ಅಂತ ಉರಿದೆ. ಹೆಚ್ಚಾದರೆ ದಾರಿ ಇಲ್ಲ ಅಂತ ನೀನು ಬರೆದದ್ದನ್ನ ಓದಿದ್ದೆ. ಅರ್ಥವೂ ಆಗಿತ್ತು. ನೀನು ಬರೆದದ್ದು ಅನ್ನೋ ಕಾರಣಕ್ಕೇ ನಂಬಲಿಲ್ಲ.

ವಾರಕ್ಕೆ ಒಂದೇ ಲೋಟ ಅಂದುಕೊಂಡಿದ್ದೆ. ಹಳೇ ಕಾಗದ ತೆಗೆದು ಓದ್ತೀನಿ ಅಂತ ಫೆಬ್ರವರಿಯಲ್ಲೇ ಅವನು ಬರೆದಿದ್ದ. ಆ ಸಾಲು ಓದಿ ನಾನು ಉಬ್ಬಿದೆ, ಎದ್ದು ಮಾಸ್ತರಿಗೂ ತೋರಿಸಿದೆ. ಅವನೆಂಥವನು ಅಂತ ನನಗಿಂತ ಬಲ್ಲವರಿಲ್ಲ. ನಿಂತಿರು ಅಂದರೆ ನಿಂತಿರೋನು. ಭಾಗಾಕಾರ ಕಲೀಲಿಲ್ಲ ಅಂತ ಮೊದಲ ಕಾಗದದಲ್ಲಿ ಬರೆದಿದ್ದೆ. ಗುಣಾಕಾರ ಬರ್ತಿತ್ತು. ಮಾಡಲಿಲ್ಲ.

ಕ್ಷಮಿಸು ಅಂತ ಕೇಳೋ ಮುಖ ಇಲ್ಲ. ಆ ನೀಲಿ ಪುಸ್ತಕ ಒಲೆಗೆ ಹಾಕಿಬಿಡು. ಇನ್ನು ಅವನಿಗೆ ಬರೆಯಲ್ಲ. ತಿಂಗಳಿಗೊಮ್ಮೆ ಅಂಕಿ ಮಾತ್ರ ಒಂದು ಕಾರ್ಡಿನಲ್ಲಿ ಹಾಕು. ನೂರ ನಲವತ್ತು ಅಂತ ಬರೆದರೆ ಸಾಕು. ಬೇರೇನೂ ಬೇಡ.

ನಿನಗೆ ಅಕ್ಕ ಅನ್ನಿಸಿಕೊಳ್ಳೋ ಯೋಗ್ಯತೆ ಇಲ್ಲದವಳು


ಮೇ ೧೨

ಅಕ್ಕ,

ನೂರ ಮೂವತ್ತೊಂಬತ್ತು.

ಕಾರ್ಡು ಸಾಲದು ಅನಿಸಿ ಕಾಗದ ಬರೆಯುತ್ತಿದ್ದೇನೆ. ಹದಿನೈದು ದಿನದಿಂದ ಮನೆಯಲ್ಲಿದ್ದಾರೆ, ಲೋಟ ಮತ್ತೆ ಏಳಾಗಿದೆ. ನಡೆಯುತ್ತಾರೆ, ದಾರ ಎಳೆಯುತ್ತಾರೆ. ಎಡಗೈ ಹಿಡಿತ ಇನ್ನೂ ಸ್ವಲ್ಪ ಸಡಿಲ.

ನಿಮ್ಮ ಮೇಲೆ ಕೋಪ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳು. ಆದರೆ ನೀವು ನಿಜ ಬರೆದಿರಿ, ಆದ್ದರಿಂದ ನಾನೂ ಒಂದು ನಿಜ ಬರೆಯಬೇಕು. ಆ ನೀಲಿ ಪುಸ್ತಕವನ್ನು ಒಲೆಗೆ ಹಾಕಲು ಎರಡು ಸಲ ಎತ್ತಿಕೊಂಡೆ. ನೀವು ಹೇಳಿದಿರಿ ಎಂದಲ್ಲ. ದಿನಕ್ಕೆ ಏಳರಂತೆ ನಾನು ಇವರಿಗೆ ಬರೆದಿಟ್ಟ ಚೀಟಿಗಳು ಎಷ್ಟೋ ನೂರು. ಕುಡಿದ ಮೇಲೆ ಮಡಚಿ ಬುಟ್ಟಿಗೆ ಹಾಕುತ್ತಾರೆ. ಒಂದನ್ನೂ ಎತ್ತಿಟ್ಟಿಲ್ಲ. ನಿಮ್ಮವು ಒಂಬತ್ತೇ ಇದ್ದವು, ಅದಕ್ಕೆ ಒಳ್ಳೆಯ ಬಟ್ಟೆ ಹುಡುಕಿ ಹೊದಿಸಿದ್ದಾರೆ, ಮೂಲೆಗಳನ್ನು ಮಡಿಸಿ ಅಂಟಿಸಿದ್ದಾರೆ. ಆಸ್ಪತ್ರೆಯಲ್ಲಿ ಹನಿ ಎಣಿಸುವಾಗಲೂ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಆ ಮೂಲೆಗಳೇ. ಬೇಸಿಗೆಗೆ ನಿಮ್ಮನ್ನು ಬರಬೇಡಿ ಅಂದದ್ದು ಮನೆ ಚಿಕ್ಕದು ಎಂದೂ ಹೌದು, ಅಷ್ಟೇ ಎಂದು ಹೇಳಲಾರೆ.

ಪುಸ್ತಕ ಸುಟ್ಟಿಲ್ಲ. ಪ್ರತಿ ಕಾಗದದ ಮೊದಲ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಕೊಟ್ಟೆ. ಕನ್ನಡಕದ ಕಥೆಗೆ ಈಗಲೂ ನಗುತ್ತಾರೆ. ಒಂದು ದಿನ ನನಗೂ ಓದಿ ಹೇಳಿದರು. ನಾನೂ ನಕ್ಕೆ, ಬೇಡ ಅನಿಸಿದರೂ.

ಈಗ ಒಂದು ಕೆಲಸದ ಮಾತು. ನಾಲ್ಕು ಗಂಟೆಯ ಲೋಟ ತಪ್ಪಿಹೋಗುತ್ತಿದೆ. ಆ ಹೊತ್ತಿಗೆ ಲ್ಯಾಬಿನಲ್ಲಿ ನನಗೆ ತಲೆ ಎತ್ತಲೂ ಆಗುವುದಿಲ್ಲ. ಮನೆಗೆ ಬಂದರೆ ಗಾಜಿನ ಲೋಟ ತುಂಬಿದ ಹಾಗೇ ಇರುತ್ತದೆ, ಮೇಲೆ ಕಾಗದದ ಧೂಳು. ಚೀಟಿ ಪಕ್ಕದಲ್ಲೇ ಇರುತ್ತದೆ. ನೋಡಿದೆ, ಕೆಲಸದಲ್ಲಿ ಮರೆತೆ ಅನ್ನುತ್ತಾರೆ. ನನ್ನ ಚೀಟಿಗೆ ಇವರು ಏಳುತ್ತಿಲ್ಲ. ನಿಮ್ಮ ಕಾಗದಕ್ಕೆ ಒಂಬತ್ತು ಸಲ ಎದ್ದರು.

ನಾಲ್ಕು ಗಂಟೆಗೆ ಒಂದು ಚೀಟಿ ಬರೆದು ಕಳಿಸಿ. ನಿಮ್ಮ ಕೈಯಕ್ಷರದಲ್ಲಿ. ಒಂದೇ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ, ನಿಮಗೆ ಗೊತ್ತು. ಸ್ಟೀಲ್ ಲೋಟಕ್ಕೆ ಹೊಸ ಗೆರೆ ಹಾಕಿದ್ದೇನೆ, ಹಳೆಯದಕ್ಕಿಂತ ಒಂದು ಬೆರಳು ಕೆಳಗೆ.

ಸೂಜಿಯವಳು


ಮೇ ೨೦

ತಂಗಿ,

ನಿನ್ನ ಕಾಗದದ ಕೊನೇಲಿ ಇರೋ ಹೆಸರು ನೋಡಿ ಯಾರೂ ಇಲ್ಲದ ಕಡೆ ಹೋಗಿ ಅತ್ತೆ. ಅಂಗಡಿಯಲ್ಲಿ ಯಾರೂ ಇಲ್ಲದ ಕಡೆ ಅಂದರೆ ಅಳತೆ ನೋಡೋ ಕನ್ನಡಿ ಕೋಣೆ. ನಾಲ್ಕು ಕಡೆಯಿಂದಲೂ ನಾನೇ ಕಾಣ್ತಿದ್ದೆ. ಬೇಗ ಹೊರಗೆ ಬಂದೆ.

ಚೀಟಿ ಹನ್ನೊಂದು ಸಲ ಬರೆದೆ. ಒಂದರಲ್ಲಿ ಮುಖ ತೊಳ್ಕೋ ಅಂತ ಸೇರಿಸಿದ್ದೆ, ಇನ್ನೊಂದರಲ್ಲಿ ಎಡಗೈ ನೋವಿದೆಯಾ ಅಂತ ಕೇಳಿದ್ದೆ. ಎಲ್ಲ ಹರಿದೆ. ಅವನು ಚೀಟಿಗೇ ಉತ್ತರ ಬರೆಯೋಕೆ ಕೂತು ನೀರು ಮರೆತಾನು. ಕೊನೆಗೆ ಮಾಸ್ತರು ಕೊಟ್ಟ ಪ್ಯಾಟರ್ನ್ ರಟ್ಟಿನ ಮೇಲೆ ಬರೆದೆ, ದಿನಾ ಇಟ್ಟರೂ ಸವೆಯಲ್ಲ. ಅಂಚಿಗೆ ಕಾಜಾ ಹೊಲಿಗೆ ಹಾಕಿದ್ದೀನಿ, ಮಡಚಿ ಬುಟ್ಟಿಗೆ ಹಾಕೋಕೆ ಬರಬಾರದು ಅಂತ. ಮಾಸ್ತರಿಗೆ ತೋರಿಸಿದೆ, ಎಲ್ಲಾದರೂ ಅರ್ಥ ತಪ್ಪುತ್ತಾ ನೋಡಿ ಅಂತ. ಎರಡು ಸಲ ಓದಿ, "ಇದಕ್ಕಿಂತ ಬಿಗಿಯಾಗಿ ಹೊಲಿಯೋಕೆ ಆಗಲ್ಲ" ಅಂದರು.

ಹೊಟ್ಟೆಕಿಚ್ಚು ಹೋಯ್ತು ಅಂತ ತಿಳ್ಕೋಬೇಡ. ಉಳಿದ ಆರು ಲೋಟ ನಿನ್ನದು ಅಂತ ನೆನೆಸಿಕೊಂಡರೆ ಈಗಲೂ ಒಳಗೆ ಚುರ್ ಅನ್ನುತ್ತೆ. ಆದರೆ ನಿನಗೂ ಹಾಗೇ ಆಗುತ್ತೆ ಅಂತ ಗೊತ್ತಾದಮೇಲೆ ಸ್ವಲ್ಪ ಹಗುರ. ಕೆಟ್ಟ ಬುದ್ಧಿ, ಏನು ಮಾಡೋದು.

ಮೊದಲ ದಿನ ಚೀಟಿ ಇಡುವಾಗ ನೀನು ಎದುರಿಗೆ ಇರು. ಅವನು ಎರಡನೇ ಸಲ ಓದ್ತಾನಾ ನೋಡು.

ಅಕ್ಕ


(ರಟ್ಟಿನ ಮೇಲೆ)

ಪುಟ್ಟ,
ನಾಲ್ಕು ಗಂಟೆ. ನನ್ನ ಲೋಟ, ಅವಳ ಗೆರೆ.
ದಿನಕ್ಕೆ ಒಂದು. ಎಷ್ಟು ಸಲ ಓದಿದರೂ ಒಂದೇ.
ಕುಡಿದು ಪುಸ್ತಕದಲ್ಲಿ ಬರಿ.
ಅಕ್ಕ